ಮೂವತ್ತನಾಲ್ಕನೆಯ ಮೆಟ್ಟಿಲು

ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ ಠಾಣೆಗೆ ಬಂದ ಮನುಷ್ಯ ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡಿದ್ದ. ಅದು ಅವನ ಗಮನಕ್ಕೇ ಬಂದಿರಲಿಲ್ಲ. ರೈಟರ್ ಮೇಜಿನ ಮುಂದೆ ನಿಂತು, ತನ್ನ ಅಣ್ಣ ಬೆಳಿಗ್ಗೆ ಕಾಡಿನ ಕಾಲುದಾರಿಯಲ್ಲಿ ಬಿದ್ದು ಸತ್ತಿದ್ದಾನೆ, ಅದು ಆಕಸ್ಮಿಕ ಅಲ್ಲ, ಕೇಸು ಬರೆದುಕೊಳ್ಳಿ ಎಂದ.

ಇನ್ಸ್‌ಪೆಕ್ಟರ್ ಅವನನ್ನು ಒಳಗೆ ಕರೆದು ಕೂರಿಸಿದರು.

"ಆಕಸ್ಮಿಕ ಅಲ್ಲ ಅಂದ್ರೆ?"

"ಮೆಟ್ಟಿಲು ಕಲ್ಲು ಸರಿಯಾಗಿ ಕೂರಿಸಿರಲಿಲ್ಲ ಸಾರ್. ಕಾಲಿಟ್ಟ ಕೂಡ್ಲೆ ಉರುಳಿದೆ. ಕಲ್ಲಿನ ಜೊತೆ ನಮ್ಮಣ್ಣನೂ ಹೋದ."

"ಕೂರಿಸಿದ್ದು ಯಾರು?"

"ಒಬ್ಬ ಬಸ್ ಡ್ರೈವರ್. ಅವನೇ ಒಪ್ಕೊಂಡಿದಾನೆ. ಶವದ ಪಕ್ಕ ಕೂತು, ನನ್ನ ಕಲ್ಲೇ, ನನ್ನ ಕಲ್ಲೇ ಅಂತ ಅಳ್ತಿದಾನೆ."

ಸತ್ತವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ವರ್ಷಕ್ಕೊಂದು ವಾರ ಬೆಟ್ಟದ ಕಾಡಿನಲ್ಲಿ ಶಿಬಿರ ನಡೆಸುತ್ತಿದ್ದರು. ರಜೆ ಹಾಕಿ ಬಂದ ಹತ್ತು ಹನ್ನೆರಡು ಜನ ಸ್ವಯಂಸೇವಕರು ಅರಣ್ಯ ಇಲಾಖೆಯ ಹಳೇ ಗೋದಾಮಿನಲ್ಲಿ ಉಳಿದು, ನಡೆಯುವವರ ದಾರಿಯನ್ನು ರಿಪೇರಿ ಮಾಡುತ್ತಿದ್ದರು. ಮಳೆಗೆ ಕೊಚ್ಚಿದ ಕಡೆ ಕಲ್ಲು ಕಟ್ಟುವುದು, ಬಿದ್ದ ಮರ ಕೊಯ್ದು ಎಳೆಯುವುದು, ನೀರು ಹೊರಗೆ ಹೋಗಲು ದಾರಿಗೆ ಅಡ್ಡಗಾಲುವೆ ತೋಡುವುದು. ಇದು ಆರನೆಯ ವರ್ಷ. ಭಾನುವಾರ ಮಧ್ಯಾಹ್ನ ಶಿಬಿರ ಮುಗಿಯುವುದಿತ್ತು.

ಹನ್ನೆರಡು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣ. ಆರೋಪಿ, ಡ್ರೈವರ್.

ಜೀಪಿನಲ್ಲಿ ಕೂತ ಮೇಲೆ ಹೆಡ್ ಕಾನ್‌ಸ್ಟೇಬಲ್ ಬಾಯಿ ತೆರೆದ. "ಅಲ್ಲ ಸಾರ್, ರಜೆ ಹಾಕಿ ಬಂದು ಯಾರಾದ್ರೂ ಕಲ್ಲು ಹೊರ್ತಾರಾ? ಸುಮ್ನಿರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು."

ಇನ್ಸ್‌ಪೆಕ್ಟರ್ ನಕ್ಕರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅವರ ಪಾಲಿಗೆ ರಜೆ ಎಂದರೆ ಮಂಚದ ಮೇಲೆ ಕಾಲು ಚಾಚುವುದು. ಅದೂ ದೇವರು ವರ ಕೊಟ್ಟಾಗ. ಹೆಡ್ ಕಾನ್‌ಸ್ಟೇಬಲ್ ತಮಾಷೆ ಮಾಡಿದರೂ ಕಲ್ಲಿನ ಕೆಲಸ ಬಲ್ಲವನು. ಪೊಲೀಸ್ ಕೆಲಸ ಸಿಗುವ ಮುಂಚೆ ಅವನು ಆರು ವರ್ಷ ಗಾರೆ ಕೆಲಸ ಮಾಡಿದ್ದ.

ಒಂದೂ ಮುಕ್ಕಾಲಿಗೆ ಗೋದಾಮು ತಲುಪಿದರು. ಹತ್ತು ಮಡಚು ಮಂಚ, ಹಗ್ಗದ ಮೇಲೆ ಒಣಗುತ್ತಿದ್ದ ಸಾಕ್ಸು, ಒಂದು ಮೂಲೆಯಲ್ಲಿ ಸಾಮಾನಿನ ಕೋಣೆ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಲ್ಲಿಂದ ಕಾಲುದಾರಿಯ ಬಾಯಿಗೆ ಇನ್ನೂರು ಹೆಜ್ಜೆ. ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಭಾನುವಾರ ಅರಣ್ಯಾಧಿಕಾರಿ ಬಂದು ನೋಡಿ ಸಹಿ ಹಾಕುವವರೆಗೆ ಯಾರೂ ಹತ್ತಬಾರದೆಂದು ಮೇಷ್ಟ್ರೇ ಕಟ್ಟಿಸಿದ ಹಗ್ಗ. ಆದರೆ ಬೆಳಿಗ್ಗೆ ಆರು ಗಂಟೆಗೆ ಮೇಷ್ಟ್ರೇ ಅದನ್ನು ದಾಟಿ ಹೋಗಿದ್ದರು. ಏಳೂವರೆಯಾದರೂ ಬಾರದ್ದಕ್ಕೆ ಡ್ರೈವರ್ ಟೀ ತೆಗೆದುಕೊಂಡು ಹುಡುಕಿ ಹೋದ, ಹಳ್ಳದಲ್ಲಿ ಬಿದ್ದಿದ್ದ ಶವ ಮೊದಲು ಕಂಡಿದ್ದು ಅವನಿಗೇ.

ಮೆಟ್ಟಿಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದಿತ್ತು. ಮೂವತ್ತನಾಲ್ಕನೆಯದು ಒಂದು ತಿರುವಿನಲ್ಲಿ, ಕೆಳಗೆ ನಲವತ್ತು ಅಡಿ ಇಳಿಜಾರು, ಆಮೇಲೆ ಬಂಡೆ ತುಂಬಿದ ಹಳ್ಳ. ಕಲ್ಲಿದ್ದ ಜಾಗ ಖಾಲಿ. ಗಾಳಿಯೂ ಇರಲಿಲ್ಲ. ಎರಡು ನಲವತ್ತಕ್ಕೆ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು.

ಹೆಡ್ ಕಾನ್‌ಸ್ಟೇಬಲ್ ಮಂಡಿಯೂರಿ ಆ ಗುಂಡಿಯೊಳಗೆ ಕೈ ಹಾಕಿದ. ತುಂಬ ಹೊತ್ತು ಸವರಿದ.

"ಸಾರ್, ಇಲ್ಲಿ ಚಕ್ಕೆ ಕಲ್ಲಿಲ್ಲ."

"ಬಿಡಿಸಿ ಹೇಳು."

"ದೊಡ್ಡ ಕಲ್ಲು ತಾನಾಗಿ ಕೂರಲ್ಲ. ಅಡಿಗೆ, ಪಕ್ಕಕ್ಕೆ ಚಿಕ್ಕ ಚಕ್ಕೆ ಬಡಿದು ಬಿಗಿ ಮಾಡ್ಬೇಕು. ಇಲ್ಲಿ ಒಂದೂ ಇಲ್ಲ."

"ಹಾಗಾದ್ರೆ ಡ್ರೈವರ್ ಹಾಕೇ ಇಲ್ಲ."

"ಹಾಕಿದ್ದ ಸಾರ್. ಮಣ್ಣಲ್ಲಿ ಗುರುತು ನೋಡಿ. ಹಲ್ಲು ಕಿತ್ತ ವಸಡಿನ ಹಾಗಿದೆ. ಯಾರೋ ಒಂದೊಂದೇ ಹೊರಗೆ ತೆಗೆದಿದಾರೆ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಒಣಗಿದ ಕೆಸರಿನಲ್ಲಿ ಹನ್ನೊಂದು ಅಚ್ಚುಗಳಿದ್ದವು. ಆದರೆ ಗುರುತು ಗುರುತೇ, ಸಾಕ್ಷಿ ಅಲ್ಲ. ಕಲ್ಲು ಉರುಳುವಾಗ ಚಕ್ಕೆಗಳೂ ಹಳ್ಳಕ್ಕೆ ಬಿದ್ದವು ಎಂದು ಯಾವ ವಕೀಲನಾದರೂ ಹೇಳಬಹುದು.

ಡ್ರೈವರ್ ಗೋದಾಮಿನ ಹಿಂದೆ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ತಟ್ಟೆ ಹಿಡಿದುಕೊಂಡು, "ಎರಡು ತುತ್ತು ತಿನ್ನು ತಮ್ಮ, ಬೆಳಿಗ್ಗೆಯಿಂದ ಖಾಲಿ ಹೊಟ್ಟೆ" ಎನ್ನುತ್ತಿದ್ದಳು. ಶಿಬಿರದವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಪೊಲೀಸರನ್ನು ಕಂಡು ತಟ್ಟೆ ಅಲ್ಲೇ ಇಟ್ಟು ಎದ್ದುಹೋದಳು.

"ಕಲ್ಲು ಯಾವಾಗ ಕೂರಿಸಿದ್ದು?"

"ಬುಧವಾರ ಸಾರ್. ನಾಲ್ಕೂಕಾಲಿಗೆ ಮುಗೀತು."

"ಗಟ್ಟಿ ಇತ್ತಾ?"

"ಇತ್ತು ಅಂದ್ಕೊಂಡಿದ್ದೆ. ಕುಣಿದೆ ಕೂಡ."

"ಕುಣಿದೆ ಅಂದ್ರೆ?"

ಅದು ಮೇಷ್ಟ್ರ ಕಟ್ಟಳೆ. ಯಾರು ಕಲ್ಲು ಕೂರಿಸುತ್ತಾರೋ ಅವರು ಎಲ್ಲರೆದುರು ಅದರ ಮೇಲೆ ಮೂರು ಸಲ ಜಿಗಿಯಬೇಕು. ಉಳಿದವರೆಲ್ಲ ಸದ್ದು ಮಾಡದೆ ಕಿವಿಗೊಡಬೇಕು. ಕಲ್ಲು ಒಂದು ಚೂರು ಟಕ್ ಎಂದರೂ ಕಿತ್ತು ಮತ್ತೆ ಕೂರಿಸಬೇಕು. ಸದ್ದಿಲ್ಲದಿದ್ದರೆ ಮಾತ್ರ ಮೇಷ್ಟ್ರು ನಂಬರು ಬರೆಯುತ್ತಿದ್ದರು.

"ನಿನ್ನ ಕಲ್ಲು ಸದ್ದು ಮಾಡ್ತಾ?"

"ಇಲ್ಲ. ಎಲ್ಲರೂ ಕೇಳಿಸ್ಕೊಂಡ್ರು. ಆದ್ರೂ ನನ್ನ ಕಲ್ಲೇ ಅಲ್ವಾ ಸಾರ್ ಬಿದ್ದಿದ್ದು." ಅವನು ಅಂಗೈ ನೋಡಿಕೊಂಡ. "ಇಪ್ಪತ್ತೆರಡು ವರ್ಷ ಬಸ್ ಓಡಿಸಿದೀನಿ. ಒಂದು ಬೆಕ್ಕು ಕೂಡ ಚಕ್ರಕ್ಕೆ ಸಿಕ್ಕಿಲ್ಲ. ರಜೆಗೆ ಬಂದು ಮನುಷ್ಯನ್ನ ಕೊಂದೆ."

ಸಂಜೆ ಆರಕ್ಕೆ ಬಂಧನ ದಾಖಲಾಯಿತು. ಮೇಲಧಿಕಾರಿಯ ಫೋನು ಎರಡು ಸಲ ಬಂದಿತ್ತು: ತಪ್ಪೊಪ್ಪಿಗೆ ಇದೆಯಲ್ಲ, ಇನ್ನೇನು ಎಳೆದಾಟ. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಕೇಸು. ಆದರೆ ಡ್ರೈವರ್ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ನನಗೆ ಜಾಮೀನು ಬೇಡ ಎಂದು ಗೋಡೆಗೆ ಒರಗಿ ಕೂತ. ಡಿಪೋಗೆ ಸುದ್ದಿ ಮುಟ್ಟಿ, ಕೆಲಸದಿಂದ ಅಮಾನತು ಎಂಬ ಆದೇಶವೂ ಬಂತು. ರೈಟರ್ ಅದನ್ನು ಓದಿ ಹೇಳಿದರೆ ತಲೆಯಾಡಿಸಿದ, ಅಷ್ಟೆ. ಇಪ್ಪತ್ತನಾಲ್ಕು ಗಂಟೆಯೊಳಗೆ, ಅಂದರೆ ಶನಿವಾರ ಸಂಜೆ ಆರರೊಳಗೆ, ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿ ಅವನು ತಪ್ಪು ನನ್ನದೇ ಎಂದುಬಿಟ್ಟರೆ ಕತೆ ಮುಗಿಯಿತು. ಅವನನ್ನು ಅವನ ಬಾಯಿಂದಲೇ ಕಾಪಾಡಬೇಕಾದ ಪಾಡು ಇನ್ಸ್‌ಪೆಕ್ಟರದ್ದಾಯಿತು.

ಶನಿವಾರ ಏಳೂವರೆಗೆ ಅವರು ಮತ್ತೆ ಕಾಲುದಾರಿಯಲ್ಲಿದ್ದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್, ಮಹಿಳಾ ಕಾನ್‌ಸ್ಟೇಬಲ್, ಎರಡು ವರ್ಷದಿಂದ ಇಲ್ಲಿ ಡ್ಯೂಟಿಯಲ್ಲಿರುವ ಫಾರೆಸ್ಟ್ ಗಾರ್ಡ್. ಮೋಡ ತಗ್ಗಿ ಬೆಟ್ಟದ ನೆತ್ತಿಯ ಮೇಲೇ ಕೂತಿತ್ತು. ಹಳ್ಳದಲ್ಲಿ ಬಿದ್ದ ಕಲ್ಲಿನ ಸುತ್ತ ಒಂದು ಗಂಟೆ ಹುಡುಕಿದರೂ ಚಕ್ಕೆಗಳು ಸಿಗಲಿಲ್ಲ.

ಸಿಕ್ಕಿದ್ದು ಮೇಲೆ. ಮೂವತ್ತನಾಲ್ಕನೆಯ ಮೆಟ್ಟಿಲಿನಿಂದ ಎಂಟು ಹೆಜ್ಜೆ ಆಚೆ, ಒಂದು ದಪ್ಪ ಮರದ ಬುಡದ ಹಿಂದೆ, ಮಹಿಳಾ ಕಾನ್‌ಸ್ಟೇಬಲ್ ಕಾಲಿನಿಂದ ಎಲೆ ಸರಿಸಿದಳು.

"ಸಾರ್, ಇಲ್ಲಿ ಬನ್ನಿ."

ಹನ್ನೊಂದು ಚಕ್ಕೆ ಕಲ್ಲು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಒಂದಕ್ಕೊಂದು ಒತ್ತಿ ಜೋಡಿಸಿಟ್ಟಿದ್ದವು. ಕೆಸರು ಇನ್ನೂ ಅಂಟಿಕೊಂಡಿತ್ತು.

ಗಾರ್ಡ್ ಬಗ್ಗಿ ನೋಡಿದ. "ಇದು ಶಿಬಿರದ ರೂಲು ಸಾರ್. ಬಿಡಿ ಕಲ್ಲು ದಾರಿ ಪಕ್ಕ ಹಾಗೇ ಬಿಡಬಾರದು, ಉರುಳಿ ಕೆಳಗಿರೋರ ತಲೆಗೆ ಬೀಳತ್ತೆ. ಮರದ ಹಿಂದೆ ಜೋಡಿಸಿಡ್ಬೇಕು. ಹೊಸಬರಿಗೆ ಹತ್ತು ಸಲ ಹೇಳಿದ್ರೂ ಮರೀತಾರೆ."

"ಇದನ್ನ ಇಟ್ಟೋರು ಮರೆತಿಲ್ಲ" ಎಂದರು ಇನ್ಸ್‌ಪೆಕ್ಟರ್.

ಅವರಿಗೆ ಅರ್ಥವಾಗದ್ದು ಅದೇ. ಒಂದು ಕಡೆ ಮೆಟ್ಟಿಲಿನ ಜೀವ ತೆಗೆದವರು, ಇನ್ನೊಂದು ಕಡೆ ಯಾರ ತಲೆಗೂ ಕಲ್ಲು ಬೀಳದಿರಲೆಂದು ಜೋಪಾನ ಮಾಡಿದ್ದಾರೆ. ಕೊಲ್ಲಲು ಬಂದವರು ಹೀಗೆ ಮಾಡುತ್ತಾರೆಯೇ? ಹಾಗಾದರೆ ಬೇಕಾಗಿದ್ದು ಸಾವಲ್ಲ. ಮತ್ತೇನು?

"ಈ ದಾರಿಲಿ ಬೇರೆ ಎಲ್ಲಾದ್ರೂ ಹೀಗೆ ತಾನಾಗಿ ಕೆಟ್ಟಿದ್ದು ಉಂಟಾ?"

ಗಾರ್ಡ್ ನಕ್ಕುಬಿಟ್ಟ. "ಪ್ರತಿ ವರ್ಷ ಕೆಡತ್ತೆ ಸಾರ್, ಅದೇ ಅದೇ ಜಾಗದಲ್ಲಿ. ಅದಕ್ಕೇ ಅಲ್ವಾ ಶಿಬಿರ. ನಾವು ಮಳೆಗೆ ಬೈಕೋತಾ ಇದ್ವಿ."

"ತೋರಿಸು."

ಏಳನೆಯ ಅಡ್ಡಗಾಲುವೆಯ ಬಾಯಿಯಲ್ಲಿ ಎಲೆ ಕೆದಕಿದಾಗ ಕಲ್ಲು ಸಿಕ್ಕಿತು. ಬಿದ್ದ ಕಲ್ಲಲ್ಲ, ತುರುಕಿದ್ದು. ಅಡುಗೆಮನೆಯ ಗೂಡಿನಲ್ಲಿ ಪಾತ್ರೆ ಜೋಡಿಸಿದಷ್ಟು ಅಚ್ಚುಕಟ್ಟು. ಮೇಲೆ ಮಣ್ಣು, ಅದರ ಮೇಲೆ ಎಲೆ. ನೀರು ಹೊರಗೆ ಹೋಗದೆ ದಾರಿಯ ಮೇಲೇ ಹರಿದು ಕೊರೆಯಲು ಅಷ್ಟು ಸಾಕು. ಹನ್ನೆರಡನೆಯದರಲ್ಲೂ ಹಾಗೇ, ಅಲ್ಲಿನ ಕಲ್ಲಿಗೆ ಪಾಚಿ ಕಟ್ಟಿತ್ತು. ಇನ್ನೂ ಮೇಲಿನ, ದಾರಿ ಬದಲಿಸಿ ಈಗ ಬಿಟ್ಟುಬಿಟ್ಟಿದ್ದ ಒಂದು ಹಳೇ ಅಡ್ಡಗಾಲುವೆಯಲ್ಲಿ ತುರುಕಿದ ಕಲ್ಲುಗಳ ಸಂದಿಯಲ್ಲಿ ಬೆರಳು ದಪ್ಪದ ಬೇರು ಇಳಿದಿತ್ತು.

"ಇದೆಷ್ಟು ವರ್ಷದ್ದು?"

"ನಾಲ್ಕೈದು ವರ್ಷ ಆದ್ರೂ ಬೇಕು ಸಾರ್ ಇಷ್ಟು ಬೇರಿಗೆ."

ವರ್ಷ ವರ್ಷ ಹತ್ತು ಜನರ ನಡುವೆ ಕೂತು, ಅದೇ ಬೆವರು ಸುರಿಸಿ, ಅದೇ ತಟ್ಟೆಯಲ್ಲಿ ಉಂಡು, ಕಟ್ಟಿದ್ದನ್ನು ಸದ್ದಿಲ್ಲದೆ ಬಿಚ್ಚುತ್ತಿದ್ದ ಒಂದು ಜೊತೆ ಕೈ. ಹೆಡ್ ಕಾನ್‌ಸ್ಟೇಬಲ್ ಹಿಂದಿರುಗಿ ದಾರಿ ನೋಡಿದ. ಕಾಲಿಡುವ ಪ್ರತಿ ಕಲ್ಲನ್ನೂ ಮೊದಲು ಲಾಠಿಯಿಂದ ಕುಟ್ಟಿ ನೋಡಿಕೊಂಡೇ ಇಳಿದ. ಇನ್ಸ್‌ಪೆಕ್ಟರೂ ಹಾಗೇ ಇಳಿದರು, ಅದರಲ್ಲಿ ನಾಚಿಕೆಯೇನೂ ಅನ್ನಿಸಲಿಲ್ಲ.

ಮಧ್ಯಾಹ್ನ ಒಂದಕ್ಕೆ ಶಿಬಿರದ ಹಾಜರಾತಿ ಪುಸ್ತಕ ವಶಪಡಿಸಿಕೊಂಡರು. ಆರು ವರ್ಷದ ಪುಟಗಳು. ಡ್ರೈವರ್‌ಗೆ ಇದು ಎರಡನೆಯ ವರ್ಷ. ಹೆಚ್ಚಿನವರು ಒಂದು ಸಲ ಬಂದು ಬೆನ್ನು ಹಿಡಿದುಕೊಂಡು ಹೋದವರು. ಆರೂ ವರ್ಷ ಬಂದವರು ಇಬ್ಬರೇ. ಒಬ್ಬರು ಶವಾಗಾರದಲ್ಲಿದ್ದರು.

ಶಿಬಿರಾರ್ಥಿಗಳಲ್ಲಿ ಒಬ್ಬಳಾದ ನರ್ಸನ್ನು ಕರೆದು ಕೇಳಿದರು.

"ಗುರುವಾರ ಏನೇನಾಯ್ತು, ಹೇಳಮ್ಮ."

"ಊಟದ ಹೊತ್ತಲ್ಲಿ ಮೇಷ್ಟ್ರು ಹೇಳಿದ್ರು ಸಾರ್, ದಾರಿ ಮುಗೀತು, ಇನ್ನು ಮುಂದಿನ ವರ್ಷದಿಂದ ಶಿಬಿರ ಬೇಡ, ಇಲಾಖೆಗೂ ಹಾಗೇ ಬರೀತೀನಿ ಅಂತ. ಎಲ್ಲರೂ ಚಪ್ಪಾಳೆ ಹೊಡೆದ್ವಿ."

"ಎಲ್ಲರೂ?"

ಅವಳು ಯೋಚಿಸಿದಳು. "ದೊಡ್ಡಕ್ಕ ಹೊಡೀಲಿಲ್ಲ ಅನ್ಸತ್ತೆ. ಪಾತ್ರೆ ತೊಳೀತಿದ್ರು, ಕೈ ಒದ್ದೆ ಇತ್ತು."

"ಆಮೇಲೆ?"

"ಕೆಲಸ ಇರ್ಲಿಲ್ಲ, ಎಲ್ಲರೂ ಮಲಗಿದ್ವಿ. ದೊಡ್ಡಕ್ಕ ಸೌದೆ ತರ್ತೀನಿ ಅಂತ ಹೋದ್ರು. ನಾಲ್ಕು ಗಂಟೆ ಇರ್ಬೇಕು. ಬರೋವಾಗ ಐದೂವರೆ."

"ಸೌದೆ ತಂದ್ರಾ?"

"ತಂದ್ರು. ಸಣ್ಣ ಹಾರೆನೂ ಕೈಯಲ್ಲಿತ್ತು."

ಮೂರು ಹತ್ತಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಸಾಮಾನಿನ ಕೋಣೆಗೆ ಹೋದರು. ದೊಡ್ಡಕ್ಕ ನೆಲದ ಮೇಲೆ ಕೂತು ಗುದ್ದಲಿಗಳಿಗೆ ಎಣ್ಣೆ ಸವರುತ್ತಿದ್ದಳು. ತುಕ್ಕು ತಿಕ್ಕಿದ ಹಾರೆಗಳು ಗೋಡೆಗೆ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಇನ್ಸ್‌ಪೆಕ್ಟರ್ ಒಂದು ಚಕ್ಕೆ ಕಲ್ಲು ಅವಳ ಮುಂದೆ ಇಟ್ಟರು. ಅವಳು ಅದನ್ನು ನೋಡಿದಳು, ಕೈಯಲ್ಲಿದ್ದ ಬಟ್ಟೆ ಮಡಚಿಟ್ಟಳು.

"ಇದನ್ನ ಯಾರು ಬಡಿದಿದ್ದು?"

"ನಾನೇ ಸಾರ್. ಡ್ರೈವರ್ ತಮ್ಮ ಕಲ್ಲು ಹಿಡಿದ, ನಾನು ಚಕ್ಕೆ ಬಡಿದೆ."

"ತೆಗೆದಿದ್ದು?"

"ಅದೂ ನಾನೇ."

"ಮೇಷ್ಟ್ರು ಅಲ್ಲಿ ಹೋಗ್ತಾರೆ ಅಂತ ಗೊತ್ತಿತ್ತಾ?"

"ಇಲ್ಲ ಸಾರ್, ನನ್ನಾಣೆ. ಹಗ್ಗ ಕಟ್ಟಿತ್ತು. ಫಾರೆಸ್ಟ್ ಸಾಹೇಬ್ರು ಭಾನುವಾರ ಬಂದ್ರೂ ಮೊದಲ ತಿರುವಿಗೇ ಏದುಸಿರು ಬಂದು ವಾಪಸ್ ಹೋಗ್ತಾರೆ, ಆರು ವರ್ಷದಿಂದ ನೋಡಿದೀನಲ್ಲ. ಆಮೇಲೆ ಮಳೆ ಶುರು, ದಾರಿ ಮುಚ್ತಾರೆ. ಮಳೆಗೆ ಕಲ್ಲು ಜಾರಲಿ, ಮತ್ತೆ ಕಟ್ಟೋದಕ್ಕೆ ಕರೀಲಿ ಅಂತ ಅಷ್ಟೇ." ಅವಳು ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚಿದಳು. "ಅವರು ಯಾಕೆ ಹೋದ್ರೋ. ಮುಗಿದ ದಾರಿನ ಒಬ್ಬರೇ ಒಂದ್ಸಲ ನಡೆದು ನೋಡೋ ಆಸೆ ಇರ್ಬೇಕು. ನನಗಾದ್ರೂ ಹೇಳಿದ್ರೆ ಜೊತೆಗೆ ಹೋಗಿ ಕಾಲು ಹಿಡಿದು ನಿಲ್ಲಿಸ್ತಿದ್ದೆ."

"ಕಾಲುವೆಗಳಿಗೆ ಕಲ್ಲು ತುರುಕಿದ್ದೂ ನೀವೇ."

"ಹ್ಞೂಂ."

"ಪ್ರತಿ ವರ್ಷ."

"ಎರಡನೇ ವರ್ಷದಿಂದ."

"ಯಾಕಮ್ಮ? ನೀವೇ ಕಟ್ಟಿ, ನೀವೇ ಕೆಡಿಸಿ?"

ಅವಳು ಹೇಳಿದ್ದನ್ನು ಮಹಿಳಾ ಕಾನ್‌ಸ್ಟೇಬಲ್ ಬರೆದುಕೊಂಡಳು. ಮನೆಯಲ್ಲಿ ಮೂವರು ತಮ್ಮಂದಿರು, ಅವರ ಹೆಂಡತಿಯರು, ಮಕ್ಕಳು, ಎಲ್ಲ ಸೇರಿ ಹದಿನಾಲ್ಕು ಬಾಯಿ. ತಮ್ಮಂದಿರು, ಅವರ ಹೆಂಡತಿಯರು ಎಲ್ಲರೂ ಬಟ್ಟೆ ಅಂಗಡಿಗೆ ಹೋಗುತ್ತಾರೆ. ಮದುವೆಯಾಗದ ಅಕ್ಕ ಮನೆಯಲ್ಲಿರುತ್ತಾಳೆ. ಬೆಳಿಗ್ಗೆ ಐದರಿಂದ ಒಲೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅಕ್ಕ ಇದ್ದಾಳಲ್ಲ ಎನ್ನುತ್ತಾರೆ. ಮೊದಲ ಶಿಬಿರದ ವರ್ಷ ತಮ್ಮನ ಮಗಳೊಬ್ಬಳು ತಮಾಷೆಗೆ ಅತ್ತೆಯ ಹೆಸರನ್ನು ಬರೆದು ಕಳಿಸಿದಳು. ಅರಣ್ಯ ಇಲಾಖೆಯಿಂದ ಕಾಗದ ಬಂತು: ತಮ್ಮ ಹಾಜರಾತಿ ಅಗತ್ಯ. ಕೆಳಗೆ ಸಹಿ, ನೀಲಿ ಸೀಲು. ಆಮೇಲೆ ಶಿಬಿರ ನಡೆದ ಪ್ರತಿ ವರ್ಷವೂ ಅಂಥದೇ ಕಾಗದ.

"ದೊಡ್ಡ ತಮ್ಮನಿಗೆ ಸೀಲು ಅಂದ್ರೆ ಭಯ ಸಾರ್. ಹೋಗಿಲ್ಲ ಅಂದ್ರೆ ಏನಾದ್ರೂ ಕೇಸ್ ಹಾಕ್ಬಹುದು ಅಂತ ಕಳಿಸ್ಬಿಟ್ಟ." ಅವಳು ಸ್ವಲ್ಪ ನಕ್ಕಳು. "ಒಂದು ವಾರ. ಬಡಿಸಿದ ತಟ್ಟೆ ನನ್ನ ಮುಂದೆ ಬಂತು. ನಾನು ಕೂರಿಸಿದ ಕಲ್ಲಿನ ಮೇಲೆ ಕುಣಿದೆ, ಎಲ್ಲರೂ ಕಿವಿಗೊಟ್ಟು ನಿಂತಿದ್ರು. ನಾನು ಏನೋ ಮಾಡಿದ್ದಕ್ಕೆ ಜನ ಹಾಗೆ ನಿಂತು ಕೇಳಿದ್ದು ಅದೇ ಮೊದಲು."

"ಬೇರೆ ಶಿಬಿರಕ್ಕೆ ಹೋಗ್ಬಹುದಿತ್ತಲ್ಲ?"

"ಬೇರೆಯೋರು ಫೋನಲ್ಲಿ ಕರೀತಾರೆ. ಫೋನಿಗೆ ನಮ್ಮನೇಲಿ ಕಿಮ್ಮತ್ತಿಲ್ಲ."

ಇನ್ಸ್‌ಪೆಕ್ಟರಿಗೆ ಕೋಪ ಬಂದಿತ್ತು, ಅದು ಅಲ್ಲೇ ಎಲ್ಲೋ ಜಾಗ ಸಿಗದೆ ನಿಂತಿತು. ನಾಲ್ಕು ಐದಕ್ಕೆ ಬಂಧನ ದಾಖಲಿಸಿದರು. ಸಣ್ಣ ಹಾರೆ, ಚಕ್ಕೆ ಕಲ್ಲುಗಳು ವಶಕ್ಕೆ. ಕೇಸಿನ ಸ್ವರೂಪ ಬದಲಾಗಿತ್ತು. ಪ್ರಾಣಕ್ಕೆ ಅಪಾಯ ಎಂದು ತಿಳಿದೂ ಮಾಡಿದ ಕೃತ್ಯಕ್ಕೆ ಕಾನೂನು ನಿರ್ಲಕ್ಷ್ಯಕ್ಕಿಂತ ಹೆಚ್ಚು ವರ್ಷದ ಶಿಕ್ಷೆ ಕೊಡುತ್ತದೆ. ನಿಯಮದಂತೆ ಮನೆಗೆ ತಿಳಿಸಬೇಕು, ಫೋನು ಮಾಡಿದರು. ದೊಡ್ಡ ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೇಳಿದ, "ಹಾಗಾದ್ರೆ ಸೋಮವಾರ ಬೆಳಿಗ್ಗೆಗೆ ಅವಳು ಬರೋದಿಲ್ವಾ ಸಾರ್?" ಇನ್ಸ್‌ಪೆಕ್ಟರ್ ಇಲ್ಲ ಎಂದು ಫೋನಿಟ್ಟರು.

ಐದು ಗಂಟೆಗೆ ಜೀಪು ಠಾಣೆ ತಲುಪಿತು. ರೈಟರ್ ಡ್ರೈವರನ್ನು ಹೊರಗೆ ಕರೆದು, ನಿನ್ನ ಕಲ್ಲು ಗಟ್ಟಿ ಇತ್ತಂತಪ್ಪ, ಬೇರೆಯವರು ಕಿತ್ತಿದ್ದು, ನಿನ್ನನ್ನು ಬಿಡ್ತಿದೀವಿ ಎಂದ. ಡ್ರೈವರ್‌ಗೆ ಅದು ತಲೆಗೆ ಹೋಗುವಷ್ಟರಲ್ಲಿ ದೊಡ್ಡಕ್ಕ ಬಾಗಿಲಲ್ಲಿ ಬಂದು ನಿಂತಳು, ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೇಬಲ್. ಅವನು ಅವಳ ಮುಖ ನೋಡಿದ, ಎಲ್ಲ ಗೊತ್ತಾಯಿತು.

"ಅಕ್ಕಾ, ನಿನ್ನೆ ನನಗೆ ತಟ್ಟೆ ಹಿಡ್ಕೊಂಡು ಕೂತಿದ್ರಲ್ಲ."

"ಹ್ಞೂಂ ತಮ್ಮ."

"ನಾನು ಕೊಂದೆ ಅಂತ ಸಾಯ್ತಾ ಇದ್ದೆ. ಒಂದು ಮಾತು ಹೇಳ್ಬಹುದಿತ್ತು."

"ಹೇಳ್ತಿದ್ದೆ" ಎಂದಳು ಅವಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಾಳೆ ಮಧ್ಯಾಹ್ನ ಖಂಡಿತ ಹೇಳ್ತಿದ್ದೆ. ವಾರ ಮುಗಿಯೋಕೆ ನಿನ್ನೆ ಇನ್ನೂ ಎರಡು ದಿನ ಇತ್ತಲ್ಲ ತಮ್ಮ."

ಡ್ರೈವರ್ ರೈಟರ್ ಮೇಜಿನ ಕಡೆ ತಿರುಗಿದ. ರೈಟರ್ ಅವನಿಂದ ಬಿಡುಗಡೆ ಕಾಗದಕ್ಕೆ ಸಹಿ ಹಾಕಿಸಿಕೊಂಡು, ವೇಳೆ ಐದು ಇಪ್ಪತ್ತು ಎಂದು ಬರೆದ.